ಅಡುಗೆ ಬಂಡಿಯ ಹಿಂದಿನ ಹಾಡು

ಅಮೆರಿಕದ ಕೌಬಾಯ್‌ಗಳ ಅಡುಗೆ ಬಂಡಿ 1866ರದು. ಟೆಕ್ಸಾಸ್‌ನ ಚಾರ್ಲ್ಸ್ ಗುಡ್‌ನೈಟ್ ಸೇನೆಯ ಹಳೆಯ ಗಾಡಿಯ ಹಿಂಬದಿಗೆ ಕಪಾಟು ಜೋಡಿಸಿ, ದನ ಅಟ್ಟುವವರಿಗೆ ಸಂಚಾರಿ ಪಾಕಶಾಲೆ ಒದಗಿಸಿದ. ಮಂದೆ ಬೆದರದಿರಲೆಂದು ರಾತ್ರಿ ಕಾವಲಿನವರು ಮೆಲುದನಿಯಲ್ಲಿ ಹಾಡುತ್ತಿದ್ದರು.

ಈ ಊಟ, ಹಾಡುಗಳನ್ನೇ ಕೊಲೊರಾಡೊ ಸ್ಪ್ರಿಂಗ್ಸ್‌ನ 'ಫ್ಲೈಯಿಂಗ್ ಡಬ್ಲ್ಯೂ' ರಾಂಚ್ 1953ರಿಂದ ಪ್ರವಾಸಿಗರ ಮುಂದಿಟ್ಟಿತು. ತಗಡಿನ ತಟ್ಟೆಯಲ್ಲಿ ಮಾಂಸ, ಬೀನ್ಸ್, ಆಲೂಗಡ್ಡೆ. ಬಳಿಕ 'ರಾಂಗ್ಲರ್ಸ್' ತಂಡದ ಗಿಟಾರು, ಪಿಟೀಲು. ಹಲವು ಕಂಠಗಳು ಬೇರೆ ಬೇರೆ ಸ್ವರ ಹಿಡಿದು ಏಕಕಾಲಕ್ಕೆ ಹಾಡುವ ಈ ಕ್ರಮ, ಒಂದೇ ಎಳೆಯ ರಾಗಕ್ಕೆ ಒಗ್ಗಿದ ನಮ್ಮ ಕಿವಿಗೆ ಮೊದಲು ವಿಚಿತ್ರವೆನಿಸೀತು.

2012ರ ಜೂನ್ 26ರಂದು ವಾಲ್ಡೊ ಕಣಿವೆಯ ಕಾಳ್ಗಿಚ್ಚು ರಾಂಚನ್ನು ಆಹುತಿ ತೆಗೆದುಕೊಂಡಿತು. ಬೆಂದ ಗುಡ್ಡದಿಂದ ಮಳೆಗೆ ಮಣ್ಣು ಕೊಚ್ಚಿಬರುವ ಭೀತಿ ಬೇರೆ. ಆ ಅಂಗಳಕ್ಕೆ ಊಟವೂ ಹಾಡೂ ಮರಳಿದ್ದು 2020ರಲ್ಲಿ.