ತೊಗಲಿಗೆ ಉಪ್ಪು ಬೀಳುವ ಹೊತ್ತು

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಭಾನುವಾರ ಬೆಳಕು ಹರಿಯುವ ಮೊದಲೇ ಮಾಂಸದಂಗಡಿಗಳ ಬಾಗಿಲು ತೆರೆದಿರುತ್ತದೆ. ಗಿರಾಕಿಯ ಕಣ್ಣು ತೊಡೆ, ಪಕ್ಕೆಲುಬು, ಲಿವರ್ ಮೇಲೆ. ಹಿಂದಿನ ಮೂಲೆಯಲ್ಲಿ ಮಡಚಿ ಬಿದ್ದಿರುವ ಮೇಕೆಯ ತೊಗಲನ್ನು ಯಾರೂ ಕೇಳುವುದಿಲ್ಲ. ಅದನ್ನು ಕೇಳಿಕೊಂಡು ಬರುವವರು ಬೇರೆ. ಅಂಗಡಿಯಿಂದ ಅಂಗಡಿಗೆ ಹೋಗಿ, ತೊಗಲನ್ನು ಬಿಡಿಸಿ ನೋಡಿ, ಬೆರಳಲ್ಲಿ ತಡವಿ, ಬೆಲೆ ಹೇಳಿ, ಗೋಣಿಚೀಲಕ್ಕೆ ತುಂಬಿಕೊಂಡು ತೊಗಲಿನ ಮಂಡಿಗೆ ಧಾವಿಸುವವರು. ಅವರ ಅವಸರಕ್ಕೆ ಕಾರಣವಿದೆ. ಪ್ರಾಣಿಯ ಮೈಯಿಂದ ಬಿಡಿಸಿದ ನಾಲ್ಕೈದು ಗಂಟೆಯೊಳಗೆ ತೊಗಲಿಗೆ ಉಪ್ಪು ಬೀಳಬೇಕು. ಕೋಲಾರದ ಏಪ್ರಿಲ್ ಬಿಸಿಲಲ್ಲಿ ಅಷ್ಟು ಹೊತ್ತೂ ಹೆಚ್ಚೇ.

ಶೂ, ಬ್ಯಾಗು, ಬೆಲ್ಟುಗಳ ಗುಣಮಟ್ಟದ ಬಗ್ಗೆ ಮಾತಾಡುವಾಗ ನಾವು ಕಾರ್ಖಾನೆ, ಕಂಪನಿಗಳ ಹೆಸರು ಹೇಳುತ್ತೇವೆ. ಈ ಕಸುಬು ಬಲ್ಲವರ ಲೆಕ್ಕ ಬೇರೆ. ತೊಗಲಿನ ಹಣೆಬರಹ ತೀರ್ಮಾನವಾಗುವುದು ಮಾಂಸದಂಗಡಿಯ ಚಾಕುವಿನಲ್ಲಿ, ಮಂಡಿಯ ನೆಲದ ಮೇಲೆ, ಆ ಮೊದಲ ಕೆಲವು ಗಂಟೆಗಳಲ್ಲಿ. ಅಲ್ಲಿ ಕೆಟ್ಟದ್ದನ್ನು ಮುಂದೆ ಯಾವ ರಾಸಾಯನಿಕವೂ, ಯಾವ ಯಂತ್ರವೂ ಸರಿಮಾಡಲಾರದು.

ಮೊದಲು ಸುಲಿಯುವ ಕೆಲಸ. ನುರಿತ ಕೈ ಇಲ್ಲಿ ಚಾಕುವನ್ನು ಆದಷ್ಟು ಕಡಿಮೆ ಬಳಸುತ್ತದೆ. ಹೊಟ್ಟೆಯ ನಡುವೆ ನೇರವಾಗಿ ಒಂದು ಗೆರೆ, ಕಾಲುಗಳ ಒಳಬದಿಗೆ ಒಂದೊಂದು ಗೆರೆ. ಅಲ್ಲಿಂದಾಚೆ ಮುಷ್ಟಿಯದೇ ಕೆಲಸ. ಮುಷ್ಟಿಯನ್ನು ತೊಗಲಿಗೂ ಮಾಂಸಕ್ಕೂ ನಡುವೆ ತೂರಿಸಿ ಒತ್ತುತ್ತಾ ಹೋದರೆ ತೊಗಲು ಸಲೀಸಾಗಿ ಕಳಚಿಕೊಳ್ಳುತ್ತದೆ. ಹಿಂಗಾಲಿನ ಹತ್ತಿರ ಸಣ್ಣ ತೂತು ಮಾಡಿ ಗಾಳಿ ತುಂಬಿಸಿ ಬಿಡಿಸುವವರೂ ಇದ್ದಾರೆ. ಆತುರಕ್ಕೆ ಬಿದ್ದು ಚಾಕು ಆಡಿಸಿದರೆ ಒಳಮೈಯಲ್ಲಿ ಗೀರು ಬೀಳುತ್ತದೆ, ಇಲ್ಲವೇ ತೂತೇ ಆಗುತ್ತದೆ. ಹಸಿ ತೊಗಲಿನಲ್ಲಿ ಆ ಗೀರು ಕಾಣಿಸುವುದೂ ಕಷ್ಟ. ಹದವಾಗಿ, ಬಣ್ಣ ಹತ್ತಿ, ಮೇಜಿನ ಮೇಲೆ ಬಂದಾಗ ಎದ್ದು ಕಾಣುತ್ತದೆ. ಬೆನ್ನಿನ ನಡುವೆ ಒಂದೇ ತೂತು ಬಿದ್ದರೂ ಇಡೀ ತೊಗಲಿನ ದರ್ಜೆ ಇಳಿಯುತ್ತದೆ, ಏಕೆಂದರೆ ಒಳ್ಳೆಯ ಶೂವಿನ ಮೇಲ್ಭಾಗಕ್ಕೆ ಬೇಕಾದ ದಪ್ಪ, ಬಿಗಿ ಇರುವುದು ಬೆನ್ನಿನಲ್ಲಿಯೇ.

ಮಂಡಿಗೆ ಬಂದ ಮೇಲೆ ತೊಳೆಯುವುದು. ರಕ್ತ, ಸಗಣಿ, ಮಣ್ಣು ಇವೆಲ್ಲ ಹೋಗಬೇಕು. ರಕ್ತ ಉಳಿದ ಕಡೆ ಕಲೆ ಕೂರುತ್ತದೆ, ಸಗಣಿ ಅಂಟಿದ ಕಡೆ ಕೊಳೆ ಶುರುವಾಗುತ್ತದೆ. ಹಾಗೆಂದು ನೀರಲ್ಲಿ ನೆನೆಹಾಕುವ ಹಾಗೂ ಇಲ್ಲ. ಬೇಗ ತೊಳೆದು, ನೀರು ಸೋರಲು ಬಿಟ್ಟು, ಒಳಮೈಗೆ ಅಂಟಿದ ಮಾಂಸದ ಚೂರು, ಕೊಬ್ಬನ್ನು ಕೆರೆದು ತೆಗೆಯುತ್ತಾರೆ. ಕೊಬ್ಬು ಉಳಿದರೆ ಉಪ್ಪು ಒಳಗಿಳಿಯುವುದಿಲ್ಲ.

ಇನ್ನು ಉಪ್ಪು. ಹಸಿ ತೊಗಲಿನ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ನೀರೇ. ಆ ನೀರಿನಲ್ಲಿ ಬ್ಯಾಕ್ಟೀರಿಯಾ ಹಬ್ಬುವ ವೇಗಕ್ಕಿಂತ ಬೇಗ ಅದನ್ನು ಹೊರಗೆಳೆಯಬೇಕು. ತೊಗಲಿನ ತೂಕದ ನೂರಕ್ಕೆ ನಲವತ್ತರಷ್ಟು ಉಪ್ಪು ಎಂಬುದು ಸಾಮಾನ್ಯ ಲೆಕ್ಕ. ಎರಡು ಕೆಜಿ ತೂಗುವ ತೊಗಲಿಗೆ ಮುಕ್ಕಾಲು ಕೆಜಿಗೂ ಮೇಲೆ. ಇಳಿಜಾರಿರುವ ನೆಲದ ಮೇಲೆ ತೊಗಲನ್ನು ಒಳಮೈ ಮೇಲೆ ಬರುವಂತೆ ಹಾಸುತ್ತಾರೆ. ಕುತ್ತಿಗೆ, ಕಾಲಿನ ಸಂದು, ಅಂಚಿನ ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ಅಲ್ಲಿಗೆ ಮೊದಲು ಉಪ್ಪು ತಿಕ್ಕುತ್ತಾರೆ, ಕೊಳೆ ಹಿಡಿಯುವುದು ಆ ಮೂಲೆಗಳಿಂದಲೇ. ಆಮೇಲೆ ಹೊಟ್ಟೆ, ಕೊನೆಗೆ ಬೆನ್ನು. ಉಪ್ಪಿನ ಹರಳೂ ನೋಡಿಕೊಳ್ಳಬೇಕು. ತೀರಾ ನುಣುಪಾದ ಪುಡಿ ಅಲ್ಲಲ್ಲಿ ಗಟ್ಟಿಗಟ್ಟಿ ಕೂರುತ್ತದೆ, ದಪ್ಪ ಹರಳು ಕರಗುವ ಹೊತ್ತಿಗೆ ಕೊಳೆ ಆರಂಭವಾಗಿರುತ್ತದೆ. ನಡುವಿನ ಹದದ ಉಪ್ಪನ್ನು ಬಿತ್ತನೆಯ ಕೈಯಂತೆ ಒಂದೇ ಸಮನೆ ಎರಚುವುದನ್ನು ಕಲಿಯಲು ವರ್ಷಗಳು ಬೇಕು. ಒಂದರ ಮೇಲೊಂದು ಪೇರಿಸಿದ ತೊಗಲಿನಿಂದ ಉಪ್ಪುನೀರು ಸೋರಿ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಅದು ನಿಂತರೆ ಕೆಳಗಿನ ತೊಗಲು ಹಾಳು. ಆಮೇಲೆ ರಾಶಿ ಕೆಡವಿ, ಮೇಲಿನದನ್ನು ಕೆಳಗೆ ಮಾಡಿ, ಎರಡನೇ ಸಲ ಉಪ್ಪು ಹಾಕುತ್ತಾರೆ.

ಸರಿಯಾಗಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಸರಳ. ಹೊಟ್ಟೆಯ ಹತ್ತಿರದ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾರೆ. ಕೂದಲು ಜಗ್ಗದಿದ್ದರೆ ತೊಗಲು ಗಟ್ಟಿ. ಬುಡಸಮೇತ ಕೈಗೆ ಬಂದರೆ ಒಳಗೆ ಕೊಳೆತಿದೆ ಎಂದು ಅರ್ಥ, ಮೂಗಿಗೆ ನಾತ ಬಡಿಯುವ ಮೊದಲೇ. ಇನ್ನೊಂದು ಕಾಟ, ಒಳಮೈಯಲ್ಲಿ ಕಾಣುವ ಕೆಂಪು. ಅದು ಉಪ್ಪಿನಲ್ಲಿಯೇ ಬದುಕುವ ಬ್ಯಾಕ್ಟೀರಿಯಾದ ಕೆಲಸ. ಒಂದು ಸಲ ಬಳಸಿದ ಉಪ್ಪನ್ನು ಮತ್ತೆ ಗುಡಿಸಿ ಹಾಕಿದರೆ, ಮಂಡಿಯಲ್ಲಿ ಸೆಕೆ ಹೆಚ್ಚಾದರೆ ಅದು ಬೇಗ ಹರಡುತ್ತದೆ. ಎಲ್ಲ ಸರಿಹೋದರೆ ತೊಗಲು ವಾರಗಟ್ಟಲೆ ಕೆಡದೆ ಇರುತ್ತದೆ, ಲಾರಿ ತುಂಬುವವರೆಗೆ ಕಾಯಬಹುದು.

ತೊಗಲಿಗೂ ಹಬ್ಬದ ಸುಗ್ಗಿಯುಂಟು. ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಬಂಗಾರಪೇಟೆ ಸುತ್ತಲಿನ ಹಳ್ಳಿಗಳಲ್ಲಿ ಗುಡ್ಡೆಮಾಂಸ ಹಾಕದ ಊರು ಹುಡುಕಬೇಕು. ಊರವರು ಹಣ ಸೇರಿಸಿ ಕುರಿ, ಮೇಕೆ ಕೊಂಡು, ಕುಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಬಕ್ರೀದ್‌ನಲ್ಲಿ ಮುಸ್ಲಿಮರ ಮನೆಗಳಿಂದ ದಾನವಾಗಿ ಬರುವ ತೊಗಲನ್ನು ಮಾರಿ ಬಂದ ಹಣ ಮದರಸಗಳಿಗೆ, ಬಡವರಿಗೆ ಹೋಗುವುದು ಹಳೆಯ ವಾಡಿಕೆ. ಈ ದಿನಗಳಲ್ಲಿ ಮಂಡಿಯವರಿಗೆ ನಿದ್ದೆ ಇರುವುದಿಲ್ಲ. ಅಭ್ಯಾಸವಿಲ್ಲದ ಕೈಗಳು ಸುಲಿದ ತೊಗಲು, ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿದ್ದಿದ್ದ ತೊಗಲು, ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ.

ಉಪ್ಪಾದ ತೊಗಲಿನ ದಾರಿ ಪೂರ್ವಕ್ಕೆ. ಮದ್ರಾಸು ಕಡೆಯಿಂದ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಮುಂದೆ ಕಮಿಷನರ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡು ಈಗ ಬಂಗಾರಪೇಟೆಯಾಗಿರುವ ಊರು ಬೆಳೆದದ್ದು ಆ ಹಳಿಯ ಮೇಲೆ. ಅಲ್ಲಿಂದ ಚಿನ್ನದ ಗಣಿಗಳ ಮಾರಿಕುಪ್ಪಂಗೆ ಕವಲು ಹಳಿ ಬಂತು. ಬಂಗಾರಪೇಟೆಯಿಂದ ಅದೇ ಮುಖ್ಯ ಹಳಿ ಹಿಡಿದು ಹೋದರೆ ಕುಪ್ಪಂ, ಜೋಲಾರಪೇಟೆ, ಆಮೇಲೆ ವಾಣಿಯಂಬಾಡಿ, ಆಂಬೂರು. ರಸ್ತೆಯಲ್ಲಾದರೆ ವಿ.ಕೋಟ ದಾಟಿ ಪೇರ್ಣಾಂಬಟ್ಟು. ದಕ್ಷಿಣ ಭಾರತದ ಚರ್ಮೋದ್ಯಮದ ದೊಡ್ಡ ಹೆಸರುಗಳಲ್ಲಿ ಹಲವು ಕೆಜಿಎಫ್‌ಗೆ ನೆರೆಹೊರೆಯವೇ.

ಇವನ್ನೆಲ್ಲ ಕಟ್ಟಿರುವ ಇನ್ನೊಂದು ದಾರವಿದೆ, ಪಾಲಾರ್ ನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ ಜಿಲ್ಲೆಯನ್ನು ಹಾದು, ಬೇತಮಂಗಲದ ಕೆರೆ ತುಂಬಿಸಿ, ಆಂಧ್ರದ ಒಂದು ಮೂಲೆ ದಾಟಿ ತಮಿಳುನಾಡಿಗಿಳಿಯುತ್ತದೆ. ಬೇತಮಂಗಲದ ನೀರನ್ನೇ ಗಣಿ ಊರು ದಶಕಗಳ ಕಾಲ ಕುಡಿದದ್ದು. ಅದೇ ನದಿಯ ಕೆಳದಂಡೆಯಲ್ಲಿ ವಾಣಿಯಂಬಾಡಿ, ಆಂಬೂರುಗಳ ತೊಟ್ಟಿಗಳಿವೆ. ಇಲ್ಲಿಂದ ಹೋದ ತೊಗಲನ್ನು ಅಲ್ಲಿ ಕೊಡವಿ ಉಪ್ಪು ಬೀಳಿಸಿ, ನೆನೆಹಾಕಿ, ಸುಣ್ಣದ ತೊಟ್ಟಿಗೆ ಇಳಿಸಿ ಕೂದಲು ತೆಗೆದು, ಹದಮಾಡುತ್ತಾರೆ.

ಹಳೆಯ ಹದ ತಂಗಡಿ ಚಕ್ಕೆಯದು. ಆವರಿಕೆ ಎಂದೂ ಕರೆಯುವ ಈ ಗಿಡ ಕೋಲಾರದ ಬೀಳು ನೆಲದಲ್ಲಿ, ಕೆರೆಯಂಗಳದ ಅಂಚಿನಲ್ಲಿ, ರೈಲು ಹಳಿಯ ಪಕ್ಕ ಹಳದಿ ಹೂ ತುಂಬಿಕೊಂಡು ನಿಂತಿರುವುದನ್ನು ನೋಡದವರಿಲ್ಲ. ಇದರ ತೊಗಟೆಯ ಕಷಾಯದಲ್ಲಿ ತೊಗಲು ನೆನೆದು, ಕೊನೆಗೆ ಅಳಲೆಕಾಯಿಯ ನೀರು ಕಂಡು, ಎಣ್ಣೆ ಸವರಿಸಿಕೊಂಡರೆ ತಿಳಿಬಣ್ಣದ ಮೆದು ಚರ್ಮವಾಗುತ್ತದೆ. ಲಂಡನ್ನಿನ ಮಾರುಕಟ್ಟೆ ಇದನ್ನು ‘ಈಸ್ಟ್ ಇಂಡಿಯಾ’ ಚರ್ಮ ಎಂದು ಕೊಂಡಿತು, ಇ.ಐ. ಲೆದರ್ ಹೆಸರಿನಲ್ಲಿ ಇಂದು ತಮಿಳುನಾಡಿನ ಭೌಗೋಳಿಕ ಸೂಚಿಯ ಪಟ್ಟಿಯಲ್ಲಿದೆ. ಕ್ರೋಮಿಯಂ ಲವಣದಿಂದ ಬೇಗ ಹದಮಾಡುವ ವಿಧಾನವನ್ನು ಮದ್ರಾಸಿಗೆ ತಂದವರು ಆಲ್ಫ್ರೆಡ್ ಚಾಟರ್ಟನ್. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು. ಆರಂಭದಲ್ಲಿ ಅವರ ಕ್ರೋಮ್ ಚರ್ಮಕ್ಕೆ ದೊರೆತ ಉಪಯೋಗಗಳಲ್ಲಿ ಒಂದು, ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಚೀಲ.

ಕಪಿಲೆಯ ಮಾತು ಬಂದರೆ ಕೋಲಾರದವರು ಸುಮ್ಮನಿರಲಾರರು. ನದಿ ಕಾಲುವೆಗಳಿಲ್ಲದ ಈ ನಾಡು ಪಂಪ್‌ಸೆಟ್ ಬರುವವರೆಗೂ ಕೆರೆ ಮತ್ತು ಕಪಿಲೆ ಬಾವಿಗಳ ಮೇಲೆ ರಾಗಿ, ಭತ್ತ, ತರಕಾರಿ ಬೆಳೆಯಿತು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದಾಗ ಬಾವಿಯಿಂದೇಳುವ ಆ ದೊಡ್ಡ ಚೀಲವನ್ನು ಹದಮಾಡಿ ಹೊಲಿದು, ಹರಿದಾಗ ತೇಪೆ ಹಾಕಿ, ವರ್ಷವಿಡೀ ಕಾಪಾಡಿದವರು ಊರಾಚೆಗಿನ ಕೇರಿಯವರು. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಸಿಕ್ಕಿದ್ದು ಒಂದಿಷ್ಟು ಆಯದ ಕಾಳು. ಊರ ಗದ್ದೆಗೆ ನೀರು ಹಾಯಿಸಿದ ಕೈಗಳಿಗೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಈ ಅನ್ಯಾಯವನ್ನು ಹೇಳದೆ ತೊಗಲಿನ ಕಸುಬನ್ನು ಪರಿಚಯಿಸಿದರೆ ಅದು ಅರ್ಧ ಸತ್ಯ. ಉತ್ತರ ಆರ್ಕಾಟಿನಿಂದ ಕೆಜಿಎಫ್ ಗಣಿಗೆ ಬಂದ ಸಾವಿರಾರು ದಲಿತ ಕುಟುಂಬಗಳು ನೆಲದಡಿಯ ಅಪಾಯದ ಕೆಲಸವನ್ನು ಆರಿಸಿಕೊಂಡದ್ದರ ಹಿಂದೆ ಹಳ್ಳಿಯ ಇಂಥ ಬಿಟ್ಟಿ ಬದುಕಿನಿಂದ ಬಿಡಿಸಿಕೊಳ್ಳುವ ಆಸೆಯೂ ಇತ್ತು.

ಎಲ್ಲ ತೊಗಲೂ ಲಾರಿ ಹತ್ತುವುದಿಲ್ಲ. ಕೆಲವು ತಮಟೆಯಾಗುತ್ತವೆ. ಇದಕ್ಕೆ ತೆಳುವಾದ, ಗಾಯವಿಲ್ಲದ ತೊಗಲೇ ಆಗಬೇಕು. ಕೂದಲು ತೆಗೆದು, ಚೆನ್ನಾಗಿ ತೊಳೆದು, ಒದ್ದೆಯಿರುವಾಗಲೇ ಬಳೆಗೆ ಎಳೆದು ಬಿಗಿಯುತ್ತಾರೆ. ಮರದ ಬಳೆಯಾದರೆ ಹುಣಸೆಬೀಜದ ಅಂಟು ಹಾಕುವುದು ಹಳೆಯ ಪದ್ಧತಿ. ಇಲ್ಲಿ ಚಕ್ಕೆಯ ಹದವಿಲ್ಲ, ಕ್ರೋಮಿಯಂ ಇಲ್ಲ. ಒಣಗಿ ಬಿಗಿದ ಹಸಿ ತೊಗಲೇ ದನಿ. ಅದಕ್ಕೇ ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುವುದು. ಗಣಿ ಕಾಲೊನಿಗಳಲ್ಲಿ ಇದರ ಬಂಧು ತಮಿಳರ ಪರೈ. ಹಿಂದೆ ಕೋಲಾರದ್ದೇ ಭಾಗವಾಗಿದ್ದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂದಾಗ ಈ ಸೀಮೆಯ ಕೇರಿಗಳಲ್ಲಿ ಹಬ್ಬವಾಯಿತು.

ಹೊರದೇಶಗಳಲ್ಲಿ ತೊಗಲಿನ ವ್ಯಾಪಾರಕ್ಕೆ ಇನ್ನೊಂದು ಮುಖವಿದೆ. 1670ರಲ್ಲಿ ಹುಟ್ಟಿದ ಹಡ್ಸನ್ಸ್ ಬೇ ಕಂಪನಿ ಕೆನಡಾದ ಕಾಡುಗಳಲ್ಲಿ ಬಲೆಬೋನಿಗೆ ಬಿದ್ದ ಬೀವರ್‌ಗಳ ತುಪ್ಪಳದಿಂದಲೇ ಸಾಮ್ರಾಜ್ಯ ಕಟ್ಟಿತು. ಅಲ್ಲಿ ತೊಳೆದು, ಬಾಚಿ, ಹಲಗೆಗೆ ಬಿಗಿದು ಒಣಗಿಸುವುದೆಲ್ಲ ಕೂದಲನ್ನು ಉಳಿಸಿಕೊಳ್ಳಲು. ನಮ್ಮ ಸೆಕೆಯ ನಾಡಿನಲ್ಲಿ ಕೂದಲು ಮೊದಲು ಹೋಗುವ ವಸ್ತು. ಕಾಡುಪ್ರಾಣಿಯ ತೊಗಲಿಗೆ ಇಲ್ಲಿಯೂ ಗಿರಾಕಿಗಳಿದ್ದರು. ಕಂಜಿರ ವಾದ್ಯಕ್ಕೆ ಉಡದ ಚರ್ಮವೇ ಬೇಕೆನ್ನುವ ಕಾಲವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧ. ಮೇಕೆಯ ತೊಗಲಿನ ಕಂಜಿರದ ನಾದಕ್ಕೂ ಕಿವಿ ಒಗ್ಗಿದೆ, ಒಗ್ಗಲೇಬೇಕು.

ಈ ಕಸುಬಿನ ದೊಡ್ಡ ತೊಡಕು ಅದರ ಉಪ್ಪೇ. ತೊಗಲನ್ನು ಕಾಪಾಡಿದ ಅದೇ ಉಪ್ಪು ನೆನೆಹಾಕಿದ ನೀರಿನೊಡನೆ ಹೊರಬಂದರೆ ಅದನ್ನು ಬೇರ್ಪಡಿಸುವುದು ಬಲು ದುಬಾರಿ. ಪಾಲಾರ್ ಕಣಿವೆಯ ಬಾವಿಗಳು ಉಪ್ಪಾದವು, ತೆಂಗು, ಭತ್ತ ಸೊರಗಿದವು. ವೆಲ್ಲೂರಿನ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪು, ಮಲಿನ ಮಾಡಿದವರೇ ದಂಡ ತೆರಬೇಕೆಂಬ ತತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಚೆನ್ನೈನಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಕಡಿಮೆ ಉಪ್ಪಿನಲ್ಲಿ ತೊಗಲು ಕಾಯುವ ದಾರಿಗಳ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಮಂಡಿಯವರು ಉಪ್ಪನ್ನು ಬಿಡದಿರಲು ಕಾರಣ ಸ್ಪಷ್ಟ: ಅದರಷ್ಟು ಅಗ್ಗದ್ದು, ನಂಬಿಕೆಯದ್ದು ಬೇರೆ ಸಿಕ್ಕಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬೆಲೆಯೂ ನೆಲಕಚ್ಚಿದೆ. ರೆಕ್ಸಿನ್, ಪ್ಲಾಸ್ಟಿಕ್ ಚಪ್ಪಲಿಗಳು ಬಂದವು. ಬಟ್ಟೆಯ ಸ್ಪೋರ್ಟ್ಸ್ ಶೂ ಜಗತ್ತನ್ನೇ ಆವರಿಸಿತು. ಹಿಂದೆ ತೊಗಲಿನಿಂದಲೇ ಕೂಲಿ ಗಿಟ್ಟುತ್ತಿದ್ದ ಅಂಗಡಿಗಳಲ್ಲಿ ಈಗ ಕುರಿಯ ತೊಗಲನ್ನಂತೂ ಕೇಳುವವರಿಲ್ಲ. ಉಪ್ಪಿನ ದುಡ್ಡೂ ಹುಟ್ಟದಿದ್ದರೆ ತೊಗಲು ತಿಪ್ಪೆಗೆ, ಚರಂಡಿಗೆ ಹೋಗುತ್ತದೆ. ಹಬ್ಬದ ಮಾರನೆಯ ದಿನ ಊರಂಚಿನಲ್ಲಿ ಕೊಳೆಯುವ ರಾಶಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪ್ರಾಣ ತೆಗೆದ ಮೇಲೆ ಅದರ ಮೈಯ ಒಂದು ಭಾಗವನ್ನೂ ಹಾಳುಮಾಡದಿರುವುದು ಈ ನಾಡಿನ ಬಡವರು ಪಾಲಿಸಿಕೊಂಡು ಬಂದ ಮರ್ಯಾದೆ.

ಕರ್ನಾಟಕ ಸರ್ಕಾರದ ಲಿಡ್ಕರ್ ನಿಗಮ 1976ರಿಂದ ಚಪ್ಪಲಿ, ಬ್ಯಾಗು ಮಾಡುವ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದೆ. ಅದೇ ಗಮನ ಮೊದಲ ನಾಲ್ಕೈದು ಗಂಟೆಯ ಕೆಲಸಗಾರರ ಮೇಲೂ ಬೀಳಬೇಕು. ಉಪ್ಪಿನಲ್ಲಿ ದಿನವಿಡೀ ಆಡುವ ಕೈಗಳು ಬಿರುಕು ಬಿಟ್ಟಿರುತ್ತವೆ. ಗಾಯವಾದ ಕೈಯಲ್ಲಿ ನೆರಡಿ (ಆಂಥ್ರಾಕ್ಸ್) ರೋಗದಿಂದ ಸತ್ತ ಪ್ರಾಣಿಯ ತೊಗಲು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಗಟ್ಟಿ ಕೈಗವಸು, ಬೂಟು, ಇಳಿಜಾರಾಗಿ ಗಾರೆ ಹಾಕಿದ ನೆಲ, ಉಪ್ಪುನೀರು ಚರಂಡಿ ಸೇರದಂತೆ ಒಂದು ತೊಟ್ಟಿ, ಮಾಂಸದಂಗಡಿಯ ಹುಡುಗರಿಗೆ ಸುಲಿಯುವುದರಲ್ಲಿ ಕೆಲವು ದಿನಗಳ ತರಬೇತಿ. ಬಂಗಾರಪೇಟೆ, ಕೆಜಿಎಫ್‌ಗಳ ಸ್ಥಳೀಯ ಸಂಸ್ಥೆಗಳು ಕಸಾಯಿಖಾನೆಗೆ ತೆಗೆದಿಡುವ ಹಣದಲ್ಲಿಯೇ ಇಷ್ಟು ಮಾಡಬಹುದು.