ಧ್ವನಿವರ್ಧಕಕ್ಕೆ ಮೌನದ ಕಾವಲು

ಭಟ್ಕಳದ ಬಳಿಯ ಜಾಲಿಯಂತಹ ಕರಾವಳಿಯ ಊರುಗಳಲ್ಲಿ ಮಳೆಗಾಲ ಬಂದಿತೆಂದರೆ ವಿದ್ಯುಚ್ಛಕ್ತಿ ಹೋಗಿಬರುವುದು ಹೊಸತಲ್ಲ. ಅದು ಮರಳಿದೊಡನೆ ಧ್ವನಿವರ್ಧಕವು 'ಧಬ್' ಎಂದು ಸದ್ದುಮಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆಂಪ್ಲಿಫಯರಿನ ಒಳಗಿನ ವೋಲ್ಟೇಜುಗಳು ತಮ್ಮ ನೆಲೆಗೆ ಬಂದು ನಿಲ್ಲುವ ಮುನ್ನವೇ ಅವುಗಳ ಏರಿಳಿತವು ಸ್ಪೀಕರಿನ ಸುರುಳಿಯನ್ನು ತಳ್ಳುವುದೇ ಇದಕ್ಕೆ ಕಾರಣ. ಹೊಡೆತವು ಬಲವಾಗಿದ್ದರೆ ಸ್ಪೀಕರಿಗೇ ಅಪಾಯ.

ಟಿಡಿಎ 7294 ಎಂಬ ಆಂಪ್ಲಿಫಯರ್ ಚಿಪ್ಪನ್ನು ನೋಡೋಣ. ಅದರ 10ನೆಯ ಪಿನ್ನಿಗೆ 'ಮ್ಯೂಟ್' ಎಂದು ಹೆಸರು. ಅಲ್ಲಿ 1.5 ವೋಲ್ಟಿಗಿಂತ ಕಡಿಮೆಯಿದ್ದರೆ ಸದ್ದಡಗುತ್ತದೆ, 3.5 ವೋಲ್ಟನ್ನು ಮೀರಿದರೆ ದನಿ ಹೊರಡುತ್ತದೆ. 5 ವೋಲ್ಟಿನಲ್ಲಿ ನಡೆಯುವ ಮೈಕ್ರೊಕಂಟ್ರೋಲರಿಗೆ ಇದನ್ನು ಆಳುವುದು ಸುಲಭ. ವಿದ್ಯುತ್ತು ಬಂದ ಮೇಲೆ ಒಂದೆರಡು ಸೆಕೆಂಡು ಕಾದು ಮೌನವನ್ನು ಬಿಡಿಸಬೇಕು. ಟ್ರಾನ್ಸ್‌ಫಾರ್ಮರಿನ ಅಲೆ ನಿಂತೊಡನೆ, ಕೆಪಾಸಿಟರುಗಳಲ್ಲಿ ಉಳಿದ ಶಕ್ತಿ ತೀರುವ ಮೊದಲೇ, ಮತ್ತೆ ಮೌನವನ್ನು ಹೇರಬೇಕು.

ಆದರೆ ಕಾವಲುಗಾರನೇ ಇನ್ನೂ ನಿದ್ದೆಯಲ್ಲಿದ್ದರೆ? ಅಟ್‌ಮೆಗಾ 328ರಂತಹ ಮೈಕ್ರೊಕಂಟ್ರೋಲರು ಎಚ್ಚರಗೊಳ್ಳುವ ಗಳಿಗೆಯಲ್ಲಿ ಅದರ ಪಿನ್ನುಗಳು ಮೇಲೂ ಇಲ್ಲ, ಕೆಳಗೂ ಇಲ್ಲ, ಸುಮ್ಮನೆ ತೇಲುತ್ತಿರುತ್ತವೆ. 'ಧಬ್' ಎನ್ನುವುದೂ ಸರಿಯಾಗಿ ಆಗಲೇ! ಆದುದರಿಂದ ಎರಡು ಚಿಪ್ಪುಗಳನ್ನು ಕೂಡಿಸುವ ತಂತಿಯಿಂದ ಗ್ರೌಂಡಿಗೆ 10,000 ಓಮಿನ ರೋಧಕವೊಂದನ್ನು ಹಾಕುತ್ತಾರೆ. ಪ್ರೋಗ್ರಾಮು ಎದ್ದು ಪಿನ್ನನ್ನು 5 ವೋಲ್ಟಿಗೆ ಏರಿಸುವವರೆಗೆ ಆ ತಂತಿಯು ಸೊನ್ನೆಯ ಬಳಿಯೇ ನಿಂತಿರುತ್ತದೆ.