ಸೂರ್ಯನ ಬಿರುಗಾಳಿಗೆ ಬಾಹ್ಯಾಕಾಶದಲ್ಲಿ ಕಾವಲು

1989ರ ಮಾರ್ಚ್ 13. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಜನ ಇನ್ನೂ ಗಾಢ ನಿದ್ರೆಯಲ್ಲಿದ್ದರು. ರಾತ್ರಿ ಎರಡೂ ಮುಕ್ಕಾಲರ ಸುಮಾರಿಗೆ ಇಡೀ ಪ್ರಾಂತದ ವಿದ್ಯುತ್ ಜಾಲ ಕೇವಲ ಒಂದೂವರೆ ನಿಮಿಷದಲ್ಲಿ ಕುಸಿದುಬಿತ್ತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಪರದಾಡಿದರು. ಇದಕ್ಕೆ ಸಿಡಿಲಾಗಲಿ ಮಳೆಗಾಳಿಯಾಗಲಿ ಕಾರಣವಲ್ಲ. ಕಾರಣ ಇದ್ದದ್ದು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಲ್ಲಿ!

ಸೂರ್ಯನಿಂದ ನಮಗೆ ಬರುವುದು ಬೆಳಕು, ಶಾಖ ಮಾತ್ರವಲ್ಲ. ವಿದ್ಯುದಾವೇಶವುಳ್ಳ ಕಣಗಳ ಪ್ರವಾಹವೊಂದು ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸದಾ ಹೊರಹೊಮ್ಮುತ್ತಿರುತ್ತದೆ. ಇದೇ ಸೌರಮಾರುತ. ಒಮ್ಮೊಮ್ಮೆ ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ನೂರಾರು ಕೋಟಿ ಟನ್ ದ್ರವ್ಯ ತನ್ನ ಕಾಂತಕ್ಷೇತ್ರದೊಡನೆ ಒಮ್ಮೆಗೇ ಸಿಡಿದು ಹೊರಬೀಳುತ್ತದೆ. ಅದು ಭೂಮಿಯತ್ತ ಬಂದರೆ ಒಂದರಿಂದ ಮೂರು ದಿನಗಳಲ್ಲಿ ನಮ್ಮನ್ನು ತಲುಪಿ, ಭೂಮಿಯ ಕಾಂತಕ್ಷೇತ್ರವನ್ನೇ ಅಲುಗಾಡಿಸುತ್ತದೆ.

ಕಾಂತಕ್ಷೇತ್ರ ಬದಲಾದರೆ ವಾಹಕದಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬ ಫ್ಯಾರಡೆಯ ನಿಯಮ ಪ್ರೌಢಶಾಲೆಯ ಮಕ್ಕಳಿಗೆಲ್ಲ ಗೊತ್ತು. ಕ್ವಿಬೆಕ್‌ನಲ್ಲಿ ನಡೆದದ್ದೂ ಅದೇ. ಅಲ್ಲಿನ ನೆಲ ವಿದ್ಯುತ್ತು ಸುಲಭವಾಗಿ ಹರಿಯದ ಗಟ್ಟಿ ಬಂಡೆ. ಹಾಗಾಗಿ ಹುಟ್ಟಿದ ವಿದ್ಯುತ್ತು ನೂರಾರು ಕಿ.ಮೀ. ಉದ್ದದ ತಂತಿಗಳನ್ನು ಹಿಡಿದು ಟ್ರಾನ್ಸ್‌ಫಾರ್ಮರುಗಳಿಗೆ ನುಗ್ಗಿತು. ರಕ್ಷಣಾ ಸಾಧನಗಳು ಒಂದರ ಹಿಂದೆ ಒಂದರಂತೆ ಸಂಪರ್ಕ ಕಡಿದುಕೊಂಡವು.

ಆ ಬಿರುಗಾಳಿ ಸೂರ್ಯನನ್ನು ಬಿಟ್ಟು ಹೊರಟದ್ದು ಮಾರ್ಚ್ 10ರಂದು. ಆದರೆ ದಾರಿಯಲ್ಲಿ ನಿಂತು ಅದನ್ನು ಅಳೆದು ಸುದ್ದಿ ಕೊಡುವ ಕಾವಲುಗಾರ ಅಂದು ಇರಲಿಲ್ಲ.

ಇಂದು ಇದ್ದಾರೆ. ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಒಂದು ವಿಶೇಷ ತಾಣವಿದೆ. ಫ್ರಾನ್ಸಿನಲ್ಲಿ ನೆಲೆಸಿದ್ದ ಗಣಿತಜ್ಞ ಲಗ್ರಾಂಜ್ ಅವರ ಹೆಸರಿನಿಂದ ಅದನ್ನು 'ಎಲ್-1' ಎನ್ನುತ್ತಾರೆ. ಸೂರ್ಯ ಮತ್ತು ಭೂಮಿಯ ಸೆಳೆತಗಳು ಅಲ್ಲಿ ಹೊಂದಿಕೊಂಡಿರುವುದರಿಂದ, ಅಲ್ಲಿ ಸುತ್ತುವ ನೌಕೆ ಭೂಮಿಯ ಜೊತೆಜೊತೆಗೇ ವರ್ಷಕ್ಕೊಮ್ಮೆ ಸೂರ್ಯನನ್ನು ಪ್ರದಕ್ಷಿಣೆ ಹಾಕುತ್ತದೆ. 1995ರಲ್ಲಿ ಸೋಹೊ, 1997ರಲ್ಲಿ ಏಸ್ ನೌಕೆಗಳು ಇತ್ತ ಹೊರಟವು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹಾರಿದ ನಮ್ಮ ಆದಿತ್ಯ-ಎಲ್1, 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿತು.

ಈ ಕಾವಲುಗಾರರು ಮಾಡುವ ಕೆಲಸ ಎರಡು ಬಗೆಯದು. ಮೊದಲನೆಯದು ನೋಡುವುದು. ಗ್ರಹಣದಲ್ಲಿ ಚಂದ್ರ ಮಾಡುವಂತೆ, ಸೂರ್ಯಬಿಂಬವನ್ನು ಮರೆಮಾಡಿ ಕರೋನಾವನ್ನು ಗಮನಿಸುವ ಉಪಕರಣಕ್ಕೆ ಕರೋನಾಗ್ರಾಫ್ ಎಂದು ಹೆಸರು. ಆದಿತ್ಯದಲ್ಲಿರುವ ಇಂಥ ಉಪಕರಣ ಸಿದ್ಧವಾದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಸ್ಫೋಟ ಕಂಡರೆ ಒಂದೆರಡು ದಿನ ಮೊದಲೇ ಎಚ್ಚರಿಸಬಹುದು.

ಎರಡನೆಯದು ಅಳೆಯುವುದು. ಮೇಲಿನ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರೆಂದು ತಿಳಿದರೆ ನದೀತೀರದ ಊರುಗಳು ಎಚ್ಚರವಾಗುತ್ತವೆ ತಾನೇ? ಹಾಗೆಯೇ ಕಣಗಳ ವೇಗ, ಸಾಂದ್ರತೆ ಮತ್ತು ಕಾಂತಕ್ಷೇತ್ರದ ದಿಕ್ಕನ್ನು ನೌಕೆ ಅಳೆದು ಕಳುಹಿಸುತ್ತದೆ. ಈ ದಿಕ್ಕು ಬಹು ಮುಖ್ಯ. ಅದು ಉತ್ತರಾಭಿಮುಖವಾಗಿದ್ದರೆ ಹೊಡೆತ ಕಡಿಮೆ. ದಕ್ಷಿಣಾಭಿಮುಖವಾಗಿದ್ದರೆ ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ಬಿರುಗಾಳಿಯ ಶಕ್ತಿ ಒಳನುಗ್ಗುತ್ತದೆ. ದೂರದಿಂದ ನೋಡಿ ಈ ದಿಕ್ಕನ್ನು ಖಚಿತವಾಗಿ ಹೇಳುವುದು ಕಷ್ಟ. ನೌಕೆಯನ್ನು ತಾಕಿದಾಗಲೇ ಅದು ತಿಳಿಯುವುದು.

ಆಮೇಲೆ ಉಳಿಯುವ ಸಮಯವೆಷ್ಟು? ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 500 ಕಿ.ಮೀ. ವೇಗವಾದರೆ 15 ಲಕ್ಷ ಕಿ.ಮೀ. ದಾಟಲು 3,000 ಸೆಕೆಂಡು, ಅಂದರೆ 50 ನಿಮಿಷ. ವೇಗ 2,000 ಕಿ.ಮೀ. ಆದರೆ ಬರೀ ಹನ್ನೆರಡೂವರೆ ನಿಮಿಷ!

ಇಷ್ಟರಲ್ಲಿ ಏನು ಮಾಡಲು ಸಾಧ್ಯ? ವಿದ್ಯುತ್ ಜಾಲದವರು ಮಾರ್ಗಗಳ ಮೇಲಿನ ಹೊರೆ ತಗ್ಗಿಸಬಹುದು. ಉಪಗ್ರಹಗಳ ಸೂಕ್ಷ್ಮ ಉಪಕರಣಗಳನ್ನು ಆರಿಸಬಹುದು. ಧ್ರುವಪ್ರದೇಶದ ಮೇಲೆ ಹಾರುವ ವಿಮಾನಗಳ ದಾರಿ ಬದಲಿಸಬಹುದು. ಸಾಧಾರಣ ಬಿರುಗಾಳಿಯನ್ನೂ ಹಗುರವಾಗಿ ಕಾಣುವಂತಿಲ್ಲ. 2022ರ ಫೆಬ್ರವರಿಯಲ್ಲಿ ಅಂಥದೊಂದು ಬಂದಾಗ ಮೇಲಿನ ವಾಯುಮಂಡಲ ಕಾದು ಉಬ್ಬಿತು. ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳ ಪೈಕಿ 38, ಗಾಳಿಯ ತಡೆಗೆ ಸಿಕ್ಕಿ ಕೆಳಗಿಳಿದು ನಾಶವಾದವು.

ಇಂಥ ಬಿರುಗಾಳಿಯಿಂದ ಮಕ್ಕಳ ಆರೋಗ್ಯಕ್ಕೆ ಅಪಾಯವೇ ಎಂದು ತಂದೆತಾಯಿಯರು ಆತಂಕಪಡಬೇಕಿಲ್ಲ. ನೆಲದ ಮೇಲಿರುವವರನ್ನು ವಾಯುಮಂಡಲ ಮತ್ತು ಭೂಮಿಯ ಕಾಂತಕ್ಷೇತ್ರ ಕಾಯುತ್ತವೆ. 2024ರ ಮೇ ತಿಂಗಳ ಭಾರಿ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶದಲ್ಲೂ ಕೆಂಪು ಧ್ರುವಪ್ರಭೆ ಕಂಡಿತ್ತು. ಅಪಾಯ ಇರುವುದು ಗಗನಯಾತ್ರಿಗಳಿಗೆ ಮತ್ತು ನಾವು ಅವಲಂಬಿಸಿರುವ ಯಂತ್ರಗಳಿಗೆ.

ಬಿರುಗಾಳಿಯನ್ನು ತಡೆಯುವುದು ಮನುಷ್ಯನ ಕೈಲಿಲ್ಲ. ಅದರ ಕಾಂತಕ್ಷೇತ್ರದ ದಿಕ್ಕನ್ನು ಒಂದು ದಿನ ಮೊದಲೇ ಹೇಳುವ ವಿದ್ಯೆ ಮಾತ್ರ ಇನ್ನೂ ಕೈಗೂಡಬೇಕಾಗಿದೆ. ಕಾಂತ ಮತ್ತು ತಂತಿಸುರುಳಿಯ ಪ್ರಯೋಗವನ್ನು ಇಂದು ಶಾಲೆಯಲ್ಲಿ ಮಾಡುತ್ತಿರುವ ಮಕ್ಕಳಿಗಾಗಿ ಆ ಕೆಲಸ ಕಾದಿದೆ.